ಅರ್ಲ್ ಪಾಮರ್ ನುಡಿಸಿದ್ದು ಷಫಲ್ಲಾ, ಸ್ಟ್ರೇಟಾ? ಜಾಝ್ ಕೈ ಸೆಷನ್ ಕೆಲಸಕ್ಕೆ ಹೊಂದಿಕೊಂಡಿದ್ದು ಹೇಗೆ?

ಕಿಕ್‌ಸ್ನೇರ್ (ಪ್ರಶ್ನೆ)

ನಮಸ್ಕಾರ. 1950ರ ದಶಕದ ನ್ಯೂ ಆರ್ಲಿಯನ್ಸ್ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಸ್ ನುಡಿಸಿದ ಅರ್ಲ್ ಪಾಮರ್ ಬಗ್ಗೆ ಮೂರು ಪ್ರಶ್ನೆಗಳಿವೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಒಂದು. ಲಿಟಲ್ ರಿಚರ್ಡ್ ಹಾಡಿದ "ಟುಟ್ಟಿ ಫ್ರುಟ್ಟಿ"ಯಲ್ಲಿ ಪಿಯಾನೊ ಒಂದು ಥರ, ಡ್ರಮ್ಸ್ ಇನ್ನೊಂದು ಥರ ಓಡುವ ಹಾಗೆ ಕೇಳಿಸುತ್ತದೆ. "ಲೂಸಿಲ್"ನಲ್ಲಿ ಮಾತ್ರ ಎರಡೂ ಕೂಡಿಕೊಂಡಿವೆ. ಮೊದಲನೆಯದನ್ನು ಕೆಲವರು ಷಫಲ್ (ಉದ್ದ-ಗಿಡ್ಡವಾಗಿ ತೂಗುವ ನಡೆ) ಅಂತ ಬರೆಯುತ್ತಾರೆ, ಕೆಲವರು ಸ್ಟ್ರೇಟ್ ಏಟ್ಸ್ (ಸಮ ಅಂತರದ ಪೆಟ್ಟು) ಅಂತ. ಯಾವುದು ಸರಿ? ಕೈಗೆ ತಂದುಕೊಳ್ಳೋದು ಹೇಗೆ?

ಎರಡು. ಪಾಮರ್ ತಮ್ಮನ್ನು ಜಾಝ್ ಡ್ರಮ್ಮರ್ ಅಂತಲೇ ಅಂದುಕೊಂಡಿದ್ದವರು. ಆ ತಯಾರಿ ಸೆಷನ್ ಕೆಲಸಕ್ಕೆ (ಕೂಲಿಗೆ ಬೇರೆಯವರ ರೆಕಾರ್ಡಿಂಗ್‌ನಲ್ಲಿ ನುಡಿಸುವುದಕ್ಕೆ) ಎಲ್ಲಿ ನೆರವಾಯಿತು, ಎಲ್ಲಿ ಅಡ್ಡ ಬಂತು?

ಮೂರು. ಇಷ್ಟೊಂದು ಹಿಟ್ ಹಾಡುಗಳಿಗೆ ನುಡಿಸಿದವರಿಗೆ ದುಡ್ಡು ಹೇಗೆ ಬರುತ್ತಿತ್ತು? ರಾಯಲ್ಟಿ ಇತ್ತಾ?

ಮೃದಂಗದ ಮೊದಲ ಪಾಠಗಳು ಗೊತ್ತಿವೆ, ಸೊಲ್ಲುಗಳಲ್ಲಿ ವಿವರಿಸಿದರೂ ಅರ್ಥವಾಗುತ್ತದೆ. ಕಿಟ್: 20 ಇಂಚಿನ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), 14 ಇಂಚಿನ ಮರದ ಸ್ನೇರ್ (ಕೆಳಗೆ ತಂತಿ ಇರುವ ಡ್ರಮ್), ಒಂದು ರೈಡ್ (ನಡೆ ಹಿಡಿಯುವ ದೊಡ್ಡ ಸಿಂಬಲ್), ಹೈ-ಹ್ಯಾಟ್ (ಪೆಡಲಿನಿಂದ ಮುಚ್ಚುವ ಜೋಡಿ ಸಿಂಬಲ್). ಮೈಕ್ ಒಂದೇ.

ತಿಶ್ರಗತಿ

ಎರಡೂ ಥರ ಬರೆದವರು ಅರ್ಧರ್ಧ ಸರಿ. "ಟುಟ್ಟಿ ಫ್ರುಟ್ಟಿ"ಯಲ್ಲಿ ಪಿಯಾನೊ ಚತುರಶ್ರದಲ್ಲಿದೆ (ಬೀಟಿಗೆ ನಾಲ್ಕು ಭಾಗ), ಡ್ರಮ್ಸ್ ಇನ್ನೂ ತಿಶ್ರದ (ಬೀಟಿಗೆ ಮೂರು ಭಾಗ) ಕಡೆಗೆ ವಾಲಿಕೊಂಡಿದೆ. ಸೊಲ್ಲು ಗೊತ್ತು ಅಂದಿರಲ್ಲ, ಒಳ್ಳೆಯದಾಯಿತು. ಈ ವಿಷಯಕ್ಕೆ ಸೊಲ್ಲಿನಷ್ಟು ನಿಖರವಾದ ಅಳತೆಗೋಲು ಸ್ಟಾಫ್ ನೊಟೇಶನ್‌ನಲ್ಲಿ ಸಿಗುವುದಿಲ್ಲ.

ಒಂದು ಬೀಟಿನೊಳಗೆ ರೈಡ್ ಮೇಲೆ ಎರಡು ಪೆಟ್ಟು ಬೀಳುತ್ತವೆ. ಮೊದಲನೆಯದು ಬೀಟಿನ ಮೇಲೇ ಬೀಳುತ್ತದೆ, ಅದರಲ್ಲಿ ತಕರಾರಿಲ್ಲ. ಎರಡನೆಯದು ಎಲ್ಲಿ ಬೀಳುತ್ತದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ಷಫಲ್: ತ ಕಿ ಟ. ಪೆಟ್ಟು "ತ" ಮೇಲೆ ಮತ್ತು "ಟ" ಮೇಲೆ. ಅನುಪಾತ 2:1.

ಸ್ಟ್ರೇಟ್: ತ ಕ ದಿ ಮಿ. ಪೆಟ್ಟು "ತ" ಮೇಲೆ ಮತ್ತು "ದಿ" ಮೇಲೆ. ಅನುಪಾತ 1:1.

ನಡುವಿನದು: ತ ಕಿ ಟ ತ ಕ. ಪೆಟ್ಟು ಎರಡೂ "ತ"ಗಳ ಮೇಲೆ. ಅನುಪಾತ 3:2. ನಾವು ಖಂಡನಡೆಯನ್ನು ಸಾಮಾನ್ಯವಾಗಿ "ತಕ ತಕಿಟ" ಅಂತ ಹೇಳುತ್ತೇವೆ. ಇಲ್ಲಿ ಅದನ್ನು ತಿರುವಿಹಾಕಿ "ತಕಿಟ ತಕ" ಅನ್ನಬೇಕು, ಉದ್ದದ ತುಂಡು ಮೊದಲು ಬರಬೇಕು.

ನಿಮಿಷಕ್ಕೆ 120 ಬೀಟ್ ಇಟ್ಟುಕೊಂಡರೆ ಒಂದು ಬೀಟಿಗೆ 500 ಮಿಲಿಸೆಕೆಂಡ್. ಎರಡನೆಯ ಪೆಟ್ಟು ಸ್ಟ್ರೇಟ್‌ನಲ್ಲಿ 250ಕ್ಕೆ, ಖಂಡದಲ್ಲಿ 300ಕ್ಕೆ, ಷಫಲ್‌ನಲ್ಲಿ 333ಕ್ಕೆ ಬೀಳುತ್ತದೆ. ಪಿಯಾನೊ ಸ್ಟ್ರೇಟ್, ಡ್ರಮ್ಸ್ ಷಫಲ್ ಆದರೆ ಪ್ರತಿ ಬೀಟಿನಲ್ಲೂ ಎರಡರ ನಡುವೆ 83 ಮಿಲಿಸೆಕೆಂಡ್ ಅಂತರ. ಅದು ಕಿವಿಗೆ ಎರಡು ಬೇರೆ ಬೇರೆ ಪೆಟ್ಟಾಗಿಯೇ ಕೇಳುತ್ತದೆ. ವೇಗ 180 ಆದಾಗ ಅದೇ ಅಂತರ 56 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಆಗ ಒಡಕಿನ ಬದಲು ಒಂಥರಾ ಒರಟು, ಒಂಥರಾ ತಳ್ಳಾಟ ಕೇಳುತ್ತದೆ. "ಟುಟ್ಟಿ ಫ್ರುಟ್ಟಿ" ಕೇಳಿದಾಗ ನಿಮಗೆ ಅನ್ನಿಸಿದ್ದು ಇದೇ. ವೇಗ ಹೆಚ್ಚಿದ ಹಾಗೆ ಜಾಝ್ ಡ್ರಮ್ಮರ್‌ಗಳ ಸ್ವಿಂಗ್ (ಷಫಲ್‌ನಂಥ ತೂಗಾಟ) ತಾನಾಗಿಯೇ ಚಪ್ಪಟೆಯಾಗುತ್ತಾ 1:1ರ ಹತ್ತಿರಕ್ಕೆ ಬರುತ್ತದೆ ಅನ್ನುವುದೂ ಇದಕ್ಕೆ ಸೇರಿಕೊಂಡಿದೆ.

ಲಿಟಲ್ ರಿಚರ್ಡ್ ಅವರ ಬಲಗೈ ಪಿಯಾನೊ ಮೇಲೆ ಒಂದು ಬಾರ್‌ಗೆ (ನಾಲ್ಕು ಬೀಟಿನ ಆವರ್ತಕ್ಕೆ) ಎಂಟು ಪೆಟ್ಟನ್ನು ಸಮವಾಗಿ ಕುಟ್ಟುತ್ತದೆ. ಆ ಕೈಗೆ ಹೊಂದಿಕೊಳ್ಳಲು ಹೋಗಿಯೇ ತಾನು ಷಫಲ್ ಬಿಟ್ಟೆ ಅಂತ ಪಾಮರ್ ಆಮೇಲೆ ಹೇಳಿದ್ದರು. "ಲೂಸಿಲ್" ಹೊತ್ತಿಗೆ ಆ ಹೊಂದಾಣಿಕೆ ಪೂರ್ತಿಯಾಗಿದೆ. ಒಂದು ಹಾಡು ದಾರಿಯ ನಡುವೆ ಇದೆ, ಇನ್ನೊಂದು ಗುರಿ ಮುಟ್ಟಿದೆ. ಹಾಗಾಗಿ ಮೊದಲನೆಯದನ್ನು ಷಫಲ್ ಅಂತಲೋ ಸ್ಟ್ರೇಟ್ ಅಂತಲೋ ಒಂದು ಖಾನೆಗೆ ತುಂಬಿದರೆ ಅದರ ಜೀವವೇ ಹೋಗುತ್ತದೆ.

ಅಭ್ಯಾಸಕ್ಕೆ ಬರೋಣ. ಮೆಟ್ರೊನೋಮ್ 84ಕ್ಕೆ ಇಡಿ. ಮೊದಲು ಕೋಲು ಮುಟ್ಟಬೇಡಿ. ತೊಡೆ ಮೇಲೆ ಬೀಟ್ ತಟ್ಟುತ್ತಾ ತಕಿಟ 4 ಬಾರ್, ತಕಿಟ ತಕ 4 ಬಾರ್, ತಕದಿಮಿ 4 ಬಾರ್ ಬಾಯಲ್ಲಿ ಹೇಳಿ. ಬದಲಾಗುವ ಜಾಗದಲ್ಲಿ ಬೀಟ್ ಒಂಚೂರೂ ಕದಲಬಾರದು. ಇದು ಹತ್ತು ನಿಮಿಷ ತಪ್ಪಿಲ್ಲದೆ ಬಂದ ಮೇಲೆ ಬಲಗೈ ರೈಡ್‌ಗೆ, ಎಡಗೈ 2 ಮತ್ತು 4ನೇ ಬೀಟಿಗೆ ಸ್ನೇರ್ ಮೇಲೆ. ಕಿಕ್ ನಾಲ್ಕೂ ಬೀಟಿಗೆ, ಆದರೆ ಮೆತ್ತಗೆ. ಜಾಝ್‌ನಲ್ಲಿ ಫೆದರಿಂಗ್ ಅನ್ನುತ್ತಾರಲ್ಲ, ಆ ಮಟ್ಟದಲ್ಲಿ. ಸೊಲ್ಲು ಬಾಯಲ್ಲಿ ನಡೆಯುತ್ತಲೇ ಇರಲಿ. ವಾರಕ್ಕೆ 8 ಬೀಟ್‌ಗಿಂತ ಹೆಚ್ಚು ಏರಿಸಬೇಡಿ. 150 ದಾಟಿದ ಮೇಲೆ ಖಂಡದ ಐದು ಅಕ್ಷರ ಬಾಯಿಗೆ ಕಷ್ಟ. ಅಷ್ಟರೊಳಗೆ ಅದು ಕೈಯಲ್ಲಿ ಕೂತಿರಬೇಕು.

ತಪ್ಪೋದು ಎಲ್ಲಿ ಅಂದರೆ, ಬಲಗೈ ಸ್ಟ್ರೇಟ್‌ಗೆ ಬಂದಿರುತ್ತದೆ, ಎಡಗೈಯ ಸಣ್ಣ, ಕೇಳಿಯೂ ಕೇಳದಂಥ ಗೋಸ್ಟ್ ಪೆಟ್ಟುಗಳು ಮಾತ್ರ ಇನ್ನೂ ತಿಶ್ರದಲ್ಲೇ ಉಳಿದಿರುತ್ತವೆ. ನುಡಿಸುವಾಗ ಅದು ಗೊತ್ತಾಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಯಾವುದಾದರೂ ಆಡಿಯೊ ಎಡಿಟರ್‌ನಲ್ಲಿ ತೆರೆದು, ಅಲೆಯ ಶಿಖರಗಳ ನಡುವಿನ ಅಂತರ ಅಳೆಯಿರಿ. 120ರಲ್ಲಿ ನುಡಿಸಿದ್ದರೆ ಮೇಲೆ ಕೊಟ್ಟ 250, 300, 333 ಅನ್ನುವ ಮೂರು ಸಂಖ್ಯೆಗಳ ಜೊತೆ ಹೋಲಿಸಿ. ಹತ್ತು ಮಿಲಿಸೆಕೆಂಡ್ ಆಚೀಚೆ ಇದ್ದರೆ ಪರವಾಗಿಲ್ಲ, ಮೂವತ್ತು ಆದರೆ ಕೈ ಎಲ್ಲಿದೆ ಅಂತ ಕೈಗೇ ಗೊತ್ತಿಲ್ಲ ಎಂದರ್ಥ.

ಹಳೇರೆಕಾರ್ಡು

ಎರಡನೇ ಪ್ರಶ್ನೆಗೆ ಅವರ ಬದುಕಿನ ಹಾದಿ ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಹುಟ್ಟಿದ್ದು 1924ರ ಅಕ್ಟೋಬರ್ 25ರಂದು, ನ್ಯೂ ಆರ್ಲಿಯನ್ಸ್‌ನ ಟ್ರೆಮೇ ಕೇರಿಯಲ್ಲಿ. ತಾಯಿ ವಾಡೆವಿಲ್ (ಹಾಡು, ಕುಣಿತ, ಹಾಸ್ಯ ಬೆರೆತ ಪ್ರದರ್ಶನ) ರಂಗದ ಕಲಾವಿದೆ. ಐದನೇ ವಯಸ್ಸಿಗೆಲ್ಲಾ ಹುಡುಗ ಟ್ಯಾಪ್ ಡಾನ್ಸ್ (ಬೂಟಿನ ಸದ್ದಿನಲ್ಲೇ ಲಯ ಹಿಡಿಯುವ ಕುಣಿತ) ಮಾಡುತ್ತಿದ್ದ, ಬ್ಲೂಸ್ ಗಾಯಕಿ ಐಡಾ ಕಾಕ್ಸ್ ಅವರ ತಂಡದ ಜೊತೆ ಊರೂರು ಸುತ್ತಿದ. ಇದನ್ನು ಬಾಲ್ಯದ ಸಣ್ಣ ವಿವರ ಅಂತ ಹಾರಿಸಿಬಿಡಬೇಡಿ. ಟ್ಯಾಪ್ ಮಾಡುವವರ ಮೈಯಲ್ಲಿ 8 ಬಾರ್‌ನ ವಾಕ್ಯ ಇಳಿದಿರುತ್ತದೆ. ಆರು ಬಾರ್ ಒಂದು ನಡಿಗೆ, ಕೊನೆಯ ಎರಡು ಬಾರ್ ಬ್ರೇಕ್, ಮತ್ತೆ ಒಂದಕ್ಕೆ ಬಂದು ಇಳಿಯುವುದು. ಫಿಲ್ (ವಾಕ್ಯದ ಕೊನೆ ತುಂಬುವ ಪೆಟ್ಟುಗಳ ಗೊಂಚಲು) ಎಲ್ಲಿ ಹಾಕಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವುದು ಎಣಿಸದೇ ತಿಳಿಯುತ್ತದೆ. ಬಡ್ಡಿ ರಿಚ್, ಸ್ಟೀವ್ ಗ್ಯಾಡ್ ಕೂಡ ಚಿಕ್ಕಂದಿನಲ್ಲಿ ಟ್ಯಾಪ್ ಮಾಡಿದವರೇ.

ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು ಯುರೋಪಿಗೆ ಹೋಗಿ ಬಂದರು. ಮರಳಿದ ಮೇಲೆ, ಯುದ್ಧದಿಂದ ಬಂದವರ ಓದಿಗೆ ಸರ್ಕಾರ ಕೊಡುತ್ತಿದ್ದ ನೆರವಿನಲ್ಲಿ ಗ್ರೂನ್‌ವಾಲ್ಡ್ ಸಂಗೀತ ಶಾಲೆಗೆ ಸೇರಿ ಪಿಯಾನೊ, ತಾಳವಾದ್ಯ, ನೊಟೇಶನ್ ಓದುವುದು ಎಲ್ಲವನ್ನೂ ಕಲಿತರು. 1947ರಲ್ಲಿ ಟ್ರಂಪೆಟ್ ವಾದಕ ಡೇವ್ ಬಾರ್ತಲೊಮ್ಯು ಅವರ ಬ್ಯಾಂಡ್. ಆ ಬ್ಯಾಂಡೇ ಕೊಸಿಮೊ ಮಟಾಸಾ ಅವರ ಜೆ ಆ್ಯಂಡ್ ಎಂ ಸ್ಟುಡಿಯೊದ ಖಾಯಂ ತಂಡವಾಯಿತು. ರಾಂಪಾರ್ಟ್ ಮತ್ತು ಡುಮೇನ್ ಬೀದಿ ಸೇರುವಲ್ಲಿದ್ದ ಅಂಗಡಿಯ ಹಿಂದಿನ ಒಂದು ಸಣ್ಣ ಕೋಣೆ ಅದು. ಸ್ಯಾಕ್ಸ್‌ಗೆ ಲೀ ಆ್ಯಲನ್ ಮತ್ತು ಆಲ್ವಿನ್ ಟೈಲರ್, ಬಾಸ್‌ಗೆ ಫ್ರ್ಯಾಂಕ್ ಫೀಲ್ಡ್ಸ್.

1949ರ ಡಿಸೆಂಬರ್ 10ರಂದು ಅಲ್ಲಿ ಫ್ಯಾಟ್ಸ್ ಡಾಮಿನೊ ಅವರ "ದಿ ಫ್ಯಾಟ್ ಮ್ಯಾನ್" ರೆಕಾರ್ಡ್ ಆಯಿತು. ನಿಮ್ಮ ಪ್ರಶ್ನೆಗೆ ಈ ಹಾಡು ಬಹಳ ಮುಖ್ಯ. ಹಳೆಯ ಡಿಕ್ಸಿಲ್ಯಾಂಡ್ ಜಾಝ್ ಪದ್ಧತಿಯಲ್ಲಿ 2 ಮತ್ತು 4ರ ಮೇಲಿನ ಗಟ್ಟಿ ಪೆಟ್ಟು ಬರುತ್ತಿದ್ದದ್ದು ಕೊನೆಯ ಸುತ್ತಿನಲ್ಲಿ, ಎಲ್ಲರೂ ಒಟ್ಟಿಗೆ ಏರುವಾಗ. ಪಾಮರ್ ಆ ಕೊನೆಯ ಸುತ್ತಿನ ಪೆಟ್ಟನ್ನು ತಂದು ಹಾಡಿನ ಮೊದಲಿನಿಂದ ಕೊನೆವರೆಗೂ ಹಾಕಿದರು. ಹೊಸದೇನನ್ನೋ ಶೂನ್ಯದಿಂದ ಹುಟ್ಟಿಸಲಿಲ್ಲ. ಜಾಝ್‌ನಲ್ಲಿ ತುತ್ತತುದಿಗೆ ಮೀಸಲಾಗಿದ್ದನ್ನು ಹಾಡಿನ ಬುನಾದಿಯಾಗಿ ಇಟ್ಟರು. ಬ್ಯಾಕ್‌ಬೀಟ್ (2 ಮತ್ತು 4ರ ಆ ಗಟ್ಟಿ ಪೆಟ್ಟು) ರಾಕ್‌ನದು, ಸ್ವಿಂಗ್ ಜಾಝ್‌ನದು ಅಂತ ಗೆರೆ ಎಳೆಯುವವರು ಈ ಹಾಡನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಇದರಲ್ಲಿ ಎರಡೂ ಒಟ್ಟಿಗೇ ಇವೆ.

ನೆರವಾದದ್ದು ಇನ್ನೊಂದು ಕಡೆಯಿಂದ, ಆ ಊರಿನ ಮೆರವಣಿಗೆ ಬ್ಯಾಂಡುಗಳಿಂದ. ಅಲ್ಲಿ ಸ್ನೇರ್ ಒಬ್ಬರದು, ದೊಡ್ಡ ಡ್ರಮ್ ಇನ್ನೊಬ್ಬರದು. ದೊಡ್ಡ ಡ್ರಮ್ಮಿನವರು ಎರಡು ಬಾರ್‌ಗೊಮ್ಮೆ ನಾಲ್ಕನೇ ಬೀಟನ್ನು ಎತ್ತಿ ಹೊಡೆಯುತ್ತಾರೆ. ಬಿಗ್ ಫೋರ್ ಅಂತ ಅದಕ್ಕೆ ಹೆಸರು. ಸ್ನೇರಿನವರು ಪ್ರೆಸ್ ರೋಲ್‌ಗಳಿಂದ (ಕೋಲು ಒತ್ತಿ ಬರಿಸುವ ಗುರ್ ಅನ್ನುವ ದನಿಯಿಂದ) ನಡುವಿನ ಜಾಗ ತುಂಬುತ್ತಾರೆ. ಆ ಇಬ್ಬರ ಕೆಲಸವನ್ನು ಕೂತು ಒಬ್ಬರೇ ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೆ ಪ್ರೊಫೆಸರ್ ಲಾಂಗ್‌ಹೇರ್ ಅವರ 1953ರ "ಟಿಪಿಟೀನಾ" ಮತ್ತು ಫ್ಯಾಟ್ಸ್ ಡಾಮಿನೊ ಅವರ 1957ರ "ಐಯಾಮ್ ವಾಕಿನ್" ಕೇಳಿ. ಎರಡರಲ್ಲೂ ಡ್ರಮ್ಸ್ ಪಾಮರ್ ಅವರದೇ.

ಅಡ್ಡ ಬಂದದ್ದು ಯಾವುದು? ಬೀಬಾಪ್ ಅನ್ನುವ ವೇಗದ ಜಾಝ್‌ನಲ್ಲಿ ಎಡಗೈ ಮತ್ತು ಕಿಕ್ ಸೋಲೊಯಿಸ್ಟ್ ಜೊತೆ ಮಾತಾಡುತ್ತಲೇ ಇರಬೇಕು. ಮೂರು ನಿಮಿಷದ ಹಾಡಿನಲ್ಲಿ ಆ ಮಾತು ಗಾಯಕನ ಸಾಲಿನ ಮೇಲೆ ಬೀಳುತ್ತದೆ. ಸೆಷನ್‌ನಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದ್ದು ಎಡಗೈ. ಪಾಮರ್ ಅದನ್ನು ಸುಮ್ಮನಿರಿಸಿದ ರೀತಿ ನೋಡಿ: 2 ಮತ್ತು 4ಕ್ಕೆ ಮಾತ್ರ, ಅದೂ ಪ್ರತಿ ಸಲ ಒಂದೇ ಎತ್ತರದಿಂದ, ಒಂದೇ ಜಾಗಕ್ಕೆ. ಹಾಗೆ ಒಂದೇ ದನಿಯಲ್ಲಿ ನೂರು ಸಲ ಹೊಡೆಯುವುದು ವೇಗದ ಸೋಲೊಗಿಂತ ಕಷ್ಟದ ಕೆಲಸ.

ಮದ್ದಳೆಮನೆ

ಒಂದೇ ಮೈಕ್ ಅಂದಿರಿ, ಅದಕ್ಕೆ ಹೇಳುತ್ತೇನೆ. ಕೊಸಿಮೊ ಸ್ಟುಡಿಯೊದಲ್ಲೂ ಮೈಕ್ ಬೆರಳೆಣಿಕೆಯಷ್ಟೇ, ಎಲ್ಲರೂ ಒಟ್ಟಿಗೇ ನುಡಿಸಬೇಕು, ಆಮೇಲೆ ಸರಿಪಡಿಸುವ ಮಾತಿಲ್ಲ. ದನಿ ಹೆಚ್ಚು ಕಡಿಮೆ ಮಾಡುವುದು ಅಂದರೆ ಮನುಷ್ಯರನ್ನು ಹಿಂದೆ ಮುಂದೆ ಸರಿಸುವುದು. ಹಾಗಾಗಿ ಮಿಕ್ಸಿಂಗ್ ಆಗುತ್ತಿದ್ದದ್ದು ಡ್ರಮ್ಮರ್ ಕೈಯಲ್ಲೇ.

ನಿಮ್ಮ ಕಿಟ್‌ಗೆ: ಮೈಕನ್ನು ಕಿಕ್‌ನ ಮುಂದೆ 1.2 ಮೀಟರ್ ದೂರದಲ್ಲಿ, ಕಿಕ್‌ನ ಮೇಲಂಚಿಗಿಂತ ಒಂದು ಗೇಣು ಮೇಲೆ, ಸ್ನೇರ್ ಕಡೆಗೆ ಮುಖ ಮಾಡಿ ಇಡಿ. ಎರಡು ನಿಮಿಷ ನುಡಿಸಿ ಕೇಳಿ. ರೈಡ್ ಎಲ್ಲವನ್ನೂ ನುಂಗುತ್ತಿದ್ದರೆ ಮೊದಲು ಕೈ ಇಳಿಸಿ, ಮೈಕನ್ನು ಆಮೇಲೆ ಮುಟ್ಟಿ. ಒಂದೇ ಮೈಕಿನಲ್ಲಿ ಸಿಂಬಲ್ ಯಾವತ್ತೂ ನಿಮಗೆ ಅನ್ನಿಸಿದ್ದಕ್ಕಿಂತ ಜಾಸ್ತಿ ಬೀಳುತ್ತದೆ. ಕಿಕ್ ಕೇಳದಿದ್ದರೆ ಮೈಕನ್ನು ಒಂದು ಗೇಣು ಕೆಳಗಿಳಿಸಿ. ಸ್ನೇರ್ ತೆಳ್ಳಗೆ ಕೇಳಿದರೆ ಕೆಳಗಿನ ತಂತಿ ಬಿಗಿ ಜಾಸ್ತಿಯಾಗಿದೆ ಎಂದರ್ಥ. ತಂತಿ ಸದ್ದು ಮಾಡುವುದನ್ನು ನಿಲ್ಲಿಸುವವರೆಗೆ ಸಡಿಲಿಸಿ, ಅಲ್ಲಿಂದ ಅರ್ಧ ಸುತ್ತು ಮಾತ್ರ ಬಿಗಿ ಮಾಡಿ. ಮೂಲೆಯಲ್ಲಿ ಕೂರಬೇಡಿ, ಕಿಕ್ ಗುಂಯ್ ಅನ್ನುತ್ತದೆ.

ಇನ್ನೊಂದು ಮಾತು. ಆ ರೆಕಾರ್ಡ್‌ಗಳ ಸ್ನೇರ್ ದನಿಯನ್ನು ಈಗಿನ ಪ್ಲಾಸ್ಟಿಕ್ ಹೆಡ್‌ನಲ್ಲಿ (ಡ್ರಮ್ಮಿನ ಹೊದಿಕೆಯಲ್ಲಿ) ತರಲು ಹೋದರೆ ಕೈಗೆ ಸಿಗುವುದಿಲ್ಲ. ಪಾಲಿಯೆಸ್ಟರ್ ಹೆಡ್ ಮಾರುಕಟ್ಟೆಗೆ ಬಂದದ್ದೇ 1956-57ರ ಸುಮಾರಿಗೆ. ಅದಕ್ಕೂ ಮುಂಚಿನದೆಲ್ಲಾ ಕರುವಿನ ಚರ್ಮ. ನ್ಯೂ ಆರ್ಲಿಯನ್ಸ್ ಹವೆ ನಮ್ಮ ಕರಾವಳಿಯ ಹಾಗೆ, ಸದಾ ತೇವ. ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಮಳೆಗಾಲದಲ್ಲಿ ಮದ್ದಳೆ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಚರ್ಮದ ಕಾಲದಲ್ಲಿ ತೇವ ಆರಿಸಲು ಕಿಕ್‌ನೊಳಗೆ ಬಲ್ಬ್ ಉರಿಸಿಡುವ ರೂಢಿಯೇ ಇತ್ತು. ಪ್ಲಾಸ್ಟಿಕ್‌ನಲ್ಲಿ ಹತ್ತಿರ ಹೋಗಬೇಕಾದರೆ ಒರಟು ಲೇಪನದ ಒಂಟಿ ಪದರದ ಹೆಡ್ ಹಾಕಿ, ಮಧ್ಯಮ ಬಿಗಿಯಲ್ಲಿಟ್ಟು, ಅಂಚಿನಲ್ಲಿ ಮೂರು ಬೆರಳಗಲದ ಬಟ್ಟೆ ತುಂಡನ್ನು ಟೇಪ್ ಹಚ್ಚಿ ಕೂರಿಸಿ. ಟೇಪ್ ಬಟ್ಟೆಯ ಒಂದು ಬದಿಗೆ ಮಾತ್ರ ಇರಲಿ. ಪೆಟ್ಟು ಬಿದ್ದಾಗ ಬಟ್ಟೆ ಎದ್ದು ಮತ್ತೆ ಬಿದ್ದರೆ ದನಿ ಬಂದು ತಕ್ಷಣ ಅಡಗುತ್ತದೆ. ಪೂರ್ತಿ ಅಂಟಿಸಿದರೆ ದನಿ ಹುಟ್ಟುವ ಮೊದಲೇ ಸಾಯುತ್ತದೆ.

ಕಿಕ್‌ಸ್ನೇರ್

ಎಲ್ಲರಿಗೂ ತುಂಬಾ ಧನ್ಯವಾದ. ತಿಶ್ರಗತಿ ಸರ್, 84ರಲ್ಲಿ ಮೂರೂ ನಡೆ ಬರುತ್ತಿವೆ. ಆದರೆ ಸ್ಟ್ರೇಟ್‌ನಲ್ಲಿ ನಾಲ್ಕನೇ ಬಾರ್‌ಗೆ ಫಿಲ್ ಹಾಕಿದ ತಕ್ಷಣ ಓಡಿಹೋಗುತ್ತಿದೆ. ಷಫಲ್‌ನಲ್ಲಿ ಹೀಗಾಗುವುದಿಲ್ಲ. ಯಾಕೆ? ಹಾಗೇ, "ಕೀಪ್ ಎ-ನಾಕಿನ್" ಹಾಡಿನ ಶುರುವಿನ ಡ್ರಮ್ಸ್ ಕೂಡ ಪಾಮರ್ ಅವರದೇ ಅಲ್ವಾ? ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದಾ?

ಹಳೇರೆಕಾರ್ಡು

ಅಲ್ಲ. ಅದು ಚಾರ್ಲ್ಸ್ ಕಾನರ್. ಲಿಟಲ್ ರಿಚರ್ಡ್ ಅವರ ಪ್ರವಾಸದ ತಂಡ ದಿ ಅಪ್‌ಸೆಟರ್ಸ್‌ನ ಡ್ರಮ್ಮರ್ ಅವರು. ಸ್ಟುಡಿಯೊದಲ್ಲಿ ಕೊಸಿಮೊ ತಂಡ, ರಸ್ತೆಯಲ್ಲಿ ಅಪ್‌ಸೆಟರ್ಸ್, ಹೀಗೆ ಎರಡು ಬೇರೆ ತಂಡಗಳಿದ್ದವು. ಆ ಹಾಡನ್ನು 1957ರಲ್ಲಿ ರಸ್ತೆ ತಂಡದ ಜೊತೆಗೇ ರೆಕಾರ್ಡ್ ಮಾಡಿದರು. ಲೆಡ್ ಝೆಪೆಲಿನ್‌ನ ಜಾನ್ ಬಾನಮ್ 1971ರ "ರಾಕ್ ಆ್ಯಂಡ್ ರೋಲ್" ಹಾಡಿನ ಶುರುವಿಗೆ ತಗೊಂಡದ್ದು ಕಾನರ್ ಅವರ ಈ ಪೆಟ್ಟುಗಳನ್ನೇ. ಪಾಮರ್ ಹೆಸರಿಗೆ ಇದನ್ನು ಸೇರಿಸುವ ತಪ್ಪು ಬಹಳ ಕಡೆ ಇದೆ. ಕಾನರ್ ಅವರಿಗೆ ಸಲ್ಲಬೇಕಾದ್ದು ಅವರಿಗೇ ಸಲ್ಲಲಿ.

ತಿಶ್ರಗತಿ

ಫಿಲ್ ಓಡುವ ಕಾರಣ ಲೆಕ್ಕದಲ್ಲೇ ಇದೆ. ಷಫಲ್‌ನಲ್ಲಿ ಫಿಲ್ ಹಾಕುವಾಗ ಒಂದು ಬೀಟಿಗೆ ಮೂರು ಪೆಟ್ಟು. ಸ್ಟ್ರೇಟ್‌ಗೆ ಬಂದಾಗ ಒಂದು ಬೀಟಿಗೆ ನಾಲ್ಕು ಪೆಟ್ಟು ಹಾಕಬೇಕು. 84ರಲ್ಲಿ ತಿಶ್ರದ ಪೆಟ್ಟಿನ ಅಂತರ 238 ಮಿಲಿಸೆಕೆಂಡ್, ಚತುರಶ್ರದ್ದು 179. ಅಂತರ ಕಿರಿದಾಗಿದ್ದಕ್ಕೆ ಕೈ ಗಾಬರಿಯಾಗಿ ಇನ್ನೂ ಕಿರಿದು ಮಾಡಿಬಿಡುತ್ತದೆ. ಜೊತೆಗೆ ಫಿಲ್ ಹೊತ್ತಿಗೆ ಕಿಕ್ ನಿಲ್ಲಿಸುತ್ತಿದ್ದೀರಿ ಅಂತ ಕಾಣುತ್ತದೆ. ನಿಲ್ಲಿಸಬೇಡಿ. ಕಿಕ್ ನಾಲ್ಕೂ ಬೀಟಿಗೆ ನಡೆಯುತ್ತಲೇ ಇರಲಿ, ಎಡಗಾಲು ಹೈ-ಹ್ಯಾಟನ್ನು 2 ಮತ್ತು 4ಕ್ಕೆ ಮುಚ್ಚುತ್ತಿರಲಿ. ಕಾಲುಗಳು ತಾಳ ಹಾಕುವ ಕೈ, ಕೈಗಳು ಮೃದಂಗ ಅಂದುಕೊಳ್ಳಿ.

ಮೂರು ಹಂತ. ಮೊದಲು ನಾಲ್ಕನೇ ಬಾರ್‌ನ ಕೊನೆಯ ಒಂದೇ ಬೀಟಿಗೆ ಫಿಲ್, ತಕದಿಮಿ ಒಂದು ಸಲ. ಅದು ಮೆಟ್ರೊನೋಮ್ ಜೊತೆ ಇಪ್ಪತ್ತು ಸಲ ಕೂತರೆ ಎರಡು ಬೀಟಿಗೆ. ಆಮೇಲೆ ಪೂರ್ತಿ ಬಾರ್. ಕೊನೆಗೆ ಮೆಟ್ರೊನೋಮ್ ಅನ್ನು 42ಕ್ಕೆ ಇಳಿಸಿ ಆ ಪೆಟ್ಟನ್ನು 2 ಮತ್ತು 4 ಅಂತ ಎಣಿಸಿ. ಈಗ 1 ಮತ್ತು 3ನ್ನು ನೀವೇ ಹೊರಬೇಕು. ಫಿಲ್ ಮುಗಿದು ಒಂದಕ್ಕೆ ಇಳಿದ ಮೇಲಿನ ಎರಡನೇ ಬೀಟಿನಲ್ಲಿ ಮೆಟ್ರೊನೋಮ್ ನಿಮ್ಮ ಸ್ನೇರ್‌ನಡಿ ಮರೆಯಾದರೆ ಸರಿಯಾಗಿದೆ. ಸ್ನೇರ್ ಆದ ಮೇಲೆ ಮೆಟ್ರೊನೋಮ್ ಕೇಳಿಸಿದರೆ ಓಡಿದ್ದೀರಿ.

ಲೆಕ್ಕದಪುಸ್ತಕ

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಬರೆಯುತ್ತೇನೆ.

ರಾಯಲ್ಟಿ ಇರಲಿಲ್ಲ. ಸೆಷನ್ ವಾದಕರಿಗೆ ಸಿಗುತ್ತಿದ್ದದ್ದು ಸಂಗೀತಗಾರರ ಒಕ್ಕೂಟ ಎ.ಎಫ್.ಎಂ. ನಿಗದಿ ಮಾಡಿದ ಕೂಲಿ, ಸ್ಕೇಲ್ ಅನ್ನುತ್ತಾರೆ. 1950ರ ದಶಕದ ಮಧ್ಯದಲ್ಲಿ ಮೂರು ಗಂಟೆಯ ಒಂದು ಸೆಷನ್‌ಗೆ ವಾದಕರಿಗೆ 41.25 ಡಾಲರ್, ಲೀಡರ್‌ಗೆ ಅದರ ಎರಡರಷ್ಟು, 82.50. ಆ ಮೂರು ಗಂಟೆಯಲ್ಲಿ ಮುಗಿದ ಸಂಗೀತ 15 ನಿಮಿಷ ಮೀರುವಂತಿಲ್ಲ, ಅಂದರೆ ಹೆಚ್ಚೆಂದರೆ ನಾಲ್ಕು ಹಾಡು. ಮೀರಿದರೆ ಹೆಚ್ಚುವರಿ ಕೂಲಿ. ಹಾಡು ಹತ್ತು ಸಾವಿರ ಮಾರಿದರೂ ಅಷ್ಟೇ, ಹತ್ತು ಲಕ್ಷ ಮಾರಿದರೂ ಅಷ್ಟೇ. 1955ರ ಸೆಪ್ಟೆಂಬರ್ 14ರಂದು "ಟುಟ್ಟಿ ಫ್ರುಟ್ಟಿ" ರೆಕಾರ್ಡ್ ಆದದ್ದು ಸೆಷನ್ ಇನ್ನೇನು ಮುಗಿಯುವ ಹೊತ್ತಿನಲ್ಲಿ, ಅವಸರದಲ್ಲಿ. ಮೇಲೆ ಚರ್ಚೆಯಾದ ಆ ತಳ್ಳಾಟಕ್ಕೆ ಗಡಿಯಾರವೂ ಒಂದು ಕಾರಣ ಅಂತ ನನಗೆ ತೋರುತ್ತದೆ.

1964ರಿಂದ ಒಂದು ಬದಲಾವಣೆ ಬಂತು. ರೆಕಾರ್ಡ್ ಕಂಪನಿಗಳು ಮಾರಾಟದ ಲೆಕ್ಕದಲ್ಲಿ ಒಂದು ವಿಶೇಷ ನಿಧಿಗೆ ಹಣ ಕಟ್ಟಬೇಕು, ಹಿಂದಿನ ಐದು ವರ್ಷಗಳಲ್ಲಿ ದುಡಿದ ಸ್ಕೇಲ್ ಕೂಲಿಯ ಪ್ರಮಾಣದಲ್ಲಿ ಅದು ವಾದಕರಿಗೆ ಹಂಚಿಕೆಯಾಗುತ್ತದೆ. ಇದಕ್ಕೆ ಸೆಷನ್‌ನ ವರದಿ ಒಕ್ಕೂಟಕ್ಕೆ ಸಲ್ಲಿಕೆಯಾಗಿರಲೇಬೇಕು. ಬಿ-4 ಅನ್ನುವ ನಮೂನೆ ಅದು. ಯಾರು, ಯಾವ ದಿನ, ಎಷ್ಟು ಗಂಟೆ, ಯಾವ ಹಾಡು ಎಲ್ಲಾ ಅದರಲ್ಲಿರುತ್ತದೆ. ನಮೂನೆ ಸಲ್ಲಿಸದೆ ಕೈಯಲ್ಲಿ ನಗದು ತಗೊಂಡು ಹೋದ ಸೆಷನ್‌ಗೆ ಆಮೇಲೆ ಏನೂ ಸಿಗುವುದಿಲ್ಲ. ಯಾವ ಹಾಡಿಗೆ ಯಾರು ನುಡಿಸಿದರು ಅನ್ನುವ ಇವತ್ತಿನ ಜಗಳಗಳಲ್ಲಿ ಬಹುಪಾಲು ಈ ಕಾಗದ ಇಲ್ಲದ ಕಡೆಯೇ ಹುಟ್ಟಿದವು.

ಈಗ ಅಮೆರಿಕದಲ್ಲಿ ಡಿಜಿಟಲ್ ರೇಡಿಯೊ ಪ್ರಸಾರದಿಂದ ಬರುವ ಹಣದಲ್ಲಿ ಶೇ. 2.5 ಹೆಸರಿಲ್ಲದ ವಾದಕರ ಪಾಲು, ಇನ್ನು ಶೇ. 2.5 ಹಿನ್ನೆಲೆ ಗಾಯಕರ ಪಾಲು, ಶೇ. 45 ಮುಖ್ಯ ಕಲಾವಿದರದು, ಶೇ. 50 ರೆಕಾರ್ಡಿಂಗ್‌ನ ಒಡೆಯರದು. 1972ಕ್ಕಿಂತ ಹಿಂದಿನ ರೆಕಾರ್ಡಿಂಗ್‌ಗಳಿಗೆ ಇದು ಅನ್ವಯವಾದದ್ದು 2018ರ ಕಾಯಿದೆಯಿಂದ. ಪಾಮರ್ 2008ರ ಸೆಪ್ಟೆಂಬರ್ 19ರಂದೇ ತೀರಿಕೊಂಡಿದ್ದರು.

ಒಕ್ಕೂಟದ ಒಳಗೂ ಒಂದು ಗೋಡೆ ಇತ್ತು. ಲಾಸ್ ಏಂಜಲೀಸ್‌ನಲ್ಲಿ ಬಿಳಿಯರಿಗೆ ಲೋಕಲ್ 47 ಅನ್ನುವ ಶಾಖೆ, ಕಪ್ಪು ಸಂಗೀತಗಾರರಿಗೆ ಲೋಕಲ್ 767. ಸಿನಿಮಾ, ರೇಡಿಯೊದ ಒಳ್ಳೆಯ ಕೆಲಸಗಳೆಲ್ಲಾ ಮೊದಲನೆಯದಕ್ಕೆ ಹೋಗುತ್ತಿದ್ದವು. 1953ರಲ್ಲಿ ಎರಡೂ ಒಂದಾದವು. ಪಾಮರ್ ಆ ಊರಿಗೆ ಹೋದದ್ದು 1957ರಲ್ಲಿ. ನಾಲ್ಕು ವರ್ಷ ಮುಂಚೆ ಹೋಗಿದ್ದರೆ ಅವರ ಬಾಳೇ ಬೇರೆಯಾಗಿರುತ್ತಿತ್ತು. 1982ರಲ್ಲಿ ಅದೇ ಲೋಕಲ್ 47ಕ್ಕೆ ಅವರು ಖಜಾಂಚಿಯಾಗಿ ಆರಿಸಿ ಬಂದರು.

ನೊಟೇಶನ್‌ನೋಟ

ಲಾಸ್ ಏಂಜಲೀಸ್ ಮಾತು ಬಂತಲ್ಲ, ಅಲ್ಲಿಂದ ಮುಂದಕ್ಕೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕಿವಿ ಸಾಕಾಗುತ್ತಿತ್ತು, ಇಲ್ಲಿ ಕಣ್ಣೂ ಬೇಕಾಯಿತು. 1958ರಲ್ಲಿ ರಿಚೀ ವ್ಯಾಲೆನ್ಸ್ ಅವರ "ಲಾ ಬಾಂಬಾ", 1964ರಲ್ಲಿ ರೈಚಸ್ ಬ್ರದರ್ಸ್ ಅವರ "ಯೂವ್ ಲಾಸ್ಟ್ ದಟ್ ಲವಿನ್ ಫೀಲಿನ್", 1968ರಲ್ಲಿ ಡೇವಿಡ್ ಆಕ್ಸೆಲ್‌ರಾಡ್ ಅವರ "ಸಾಂಗ್ ಆಫ್ ಇನೊಸೆನ್ಸ್", ನಡುನಡುವೆ ಸಿನಿಮಾ, ಟಿವಿ. ಒಂದೇ ದಿನ ಮೂರು ಬೇರೆ ಬೇರೆ ಸಂಗೀತ. ಗ್ರೂನ್‌ವಾಲ್ಡ್‌ನಲ್ಲಿ ಕಲಿತ ಓದು ಇಲ್ಲಿ ಅನ್ನ ಕೊಟ್ಟಿತು.

ಡ್ರಮ್ ಚಾರ್ಟ್ (ಡ್ರಮ್ಸ್‌ಗೆ ಬರೆದ ನೊಟೇಶನ್ ಹಾಳೆ) ಕೈಗೆ ಬಂದಾಗ ನೋಡುವ ಕ್ರಮ ಒಂದಿದೆ. ಮೊದಲು ಪೆಟ್ಟುಗಳನ್ನಲ್ಲ, ದಾರಿಯನ್ನು ನೋಡಬೇಕು: ಎಲ್ಲಿಗೆ ವಾಪಸ್ ಹೋಗುವುದು, ಮೊದಲ ಸಲದ ಕೊನೆ ಯಾವುದು, ಎರಡನೇ ಸಲದ್ದು ಯಾವುದು, ಕೋಡಾಗೆ (ಹಾಡಿನ ಮುಕ್ತಾಯದ ಭಾಗಕ್ಕೆ) ಎಲ್ಲಿಂದ ಹಾರುವುದು. ಪೆನ್ಸಿಲಿನಲ್ಲಿ ಆ ಹಾರುವ ಜಾಗಕ್ಕೆ ಕನ್ನಡಕದ ಚಿತ್ರ ಬರೆಯುವುದು ಹಳೆಯ ಪದ್ಧತಿ, "ಇಲ್ಲಿ ಕಣ್ಣಿಡು" ಅಂತ. ಆಮೇಲೆ ಬ್ರಾಸ್ ಜೊತೆ ಹೊಡೆಯಬೇಕಾದ ಹಿಟ್‌ಗಳು. ಕೊನೆಗೆ ಬೀಟ್. ಟೇಕ್ ಹಾಳಾಗುವುದು ಬೀಟ್ ತಪ್ಪಿ ಅಲ್ಲ, ಬಹುತೇಕ ಕೋಡಾ ತಪ್ಪಿ. ಇಪ್ಪತ್ತು ಜನ ಮತ್ತೆ ಮೊದಲಿನಿಂದ ನುಡಿಸಬೇಕಾಗುತ್ತದೆ.

ಸಿನಿಮಾ ಸೆಷನ್‌ನಲ್ಲಿ ವೇಗವನ್ನು ನಿಮಿಷಕ್ಕೆ ಇಷ್ಟು ಬೀಟ್ ಅಂತ ಹೇಳುತ್ತಿರಲಿಲ್ಲ, ಫ್ರೇಮ್ ಕ್ಲಿಕ್ (ಎಷ್ಟು ಫ್ರೇಮಿಗೊಮ್ಮೆ ಬೀಟಿನ ಟಿಕ್ ಕೇಳಬೇಕು) ಅಂತ ಹೇಳುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ಕ್ಲಿಕ್ ಸಂಖ್ಯೆಯಿಂದ 1440ನ್ನು ಭಾಗಿಸಿ: 12 ಫ್ರೇಮ್ ಕ್ಲಿಕ್ ಅಂದರೆ 120, 10 ಅಂದರೆ 144. 12-4 ಅಂತ ಬರೆದಿದ್ದರೆ 12 ಫ್ರೇಮ್ ಮತ್ತು ಒಂದು ಫ್ರೇಮಿನ ಎಂಟರಲ್ಲಿ ನಾಲ್ಕು ಭಾಗ, ಅಂದರೆ 12.5. ವೇಗ 115.2. ಜಾಝ್ ಕೈಗೆ ಕ್ಲಿಕ್ ಕಷ್ಟವಾಗುವುದು ರೈಡ್‌ನಿಂದ. ಬಲಗೈ ಬೀಟಿಗಿಂತ ಕೂದಲೆಳೆ ಮುಂದಿರುವುದು ಅಲ್ಲಿನ ರೂಢಿ, ಹಾಗಾಗಿ ಪ್ರತಿ ಪೆಟ್ಟಿನ ಹಿಂದೆ ಕ್ಲಿಕ್ ಕೇಳುತ್ತದೆ, ಗಾಬರಿಯಾಗಿ ಎಳೆಯುತ್ತಾರೆ. ರೈಡನ್ನು ಅದರ ಪಾಡಿಗೆ ಬಿಟ್ಟು ಸ್ನೇರ್ ಅನ್ನು ಮಾತ್ರ ಕ್ಲಿಕ್ ಮೇಲೆ ಕೂರಿಸಿ. ಕೇಳುವವರಿಗೆ ಸಮಯ ಹೇಳುವುದು ಸ್ನೇರ್.

ಮನೆಯಲ್ಲಿ ಒಂದೇ ಮೈಕಿಗೆ ನುಡಿಸುವಾಗಲೂ ಇನ್ನೊಂದನ್ನು ರೂಢಿ ಮಾಡಿಕೊಳ್ಳಿ. ಹೈ-ಹ್ಯಾಟ್ ಪೆಡಲ್‌ಗೆ, ಕೂರುವ ಸ್ಟೂಲಿನ ತಿರುಪಿಗೆ ಎಣ್ಣೆ ಬಿಟ್ಟಿರಬೇಕು. ಕೊನೆಯ ಸಿಂಬಲ್ ಹೊಡೆದ ಮೇಲೆ ಕೋಲು ಗಾಳಿಯಲ್ಲೇ ಇರಲಿ, ಉಸಿರೂ ಬಿಡಬೇಡಿ. ಆ ಸಿಂಬಲ್ ಅಡಗಲು ಎಂಟು ಹತ್ತು ಸೆಕೆಂಡ್ ಬೇಕು. ಸ್ಟುಡಿಯೊದಲ್ಲಿ ಕೆಂಪು ದೀಪ ಆರುವವರೆಗೆ, ಮನೆಯಲ್ಲಿ ರೆಕಾರ್ಡರ್‌ನ ಮುಳ್ಳು ಪೂರ್ತಿ ಕೆಳಗಿಳಿಯುವವರೆಗೆ ಕೋಲನ್ನು ಎಲ್ಲೂ ಇಡಬೇಡಿ.